ಅರ್ಧ ಗಂಟೆ ಕೇಳಿದ್ದಕ್ಕೆ

ನನ್ನ ಮಗಳಿಗೆ ಓದುವುದು ಕಷ್ಟ. ಅವಳ ಸುತ್ತ ಇರುವವರಿಗೆ ಸುಮ್ಮನಿರುವುದು ಕಷ್ಟ. ಹಾಗಾಗಿ ನಮ್ಮ ಮನೆಯಲ್ಲಿ ಇಂಥ ಪ್ರಸಂಗಗಳಿಗೆ ಯಾವತ್ತೂ ಬರ ಬಂದಿಲ್ಲ. ಹುಡುಗಿ ಚುರುಕು, ಕೇಳಿದ್ದನ್ನು ಮರೆಯುವವಳಲ್ಲ. ಅಕ್ಷರ ಕೂಡಿಸಿ ಓದಲು ಮಾತ್ರ ಬೇರೆಯವರಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಡಾಕ್ಟರು ಡಿಸ್ಲೆಕ್ಸಿಯಾ ಎಂದಿದ್ದಾರೆ. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಇಂಥ ಮಕ್ಕಳಿಗೆ ಹೆಚ್ಚಿನ ಸಮಯ ಕೊಡಬೇಕೆಂದು ನಿಯಮವೇ ಇದೆ. ಅದೊಂದು ಸಿಕ್ಕಿದರೆ ಅವಳು ದಡ ಸೇರುತ್ತಾಳೆ. ಸಮಯ ಒಂದನ್ನು ಬಿಟ್ಟು ನಮಗೆ ಬೇರೆಲ್ಲವೂ ಸಿಕ್ಕಿತು.

೧. ಮೀನು

ಬ್ಯಾಂಕಿನವರು ನನ್ನನ್ನು ಮೈಸೂರಿನಿಂದ ಕೊಚ್ಚಿಗೆ ವರ್ಗ ಮಾಡಿದಾಗ ಕಲೂರಿನಲ್ಲಿ ಮನೆ ಮಾಡಿದ್ದೆವು. ಮಹಡಿಯಲ್ಲಿದ್ದ ಮನೆ ಒಡತಿ, ನಾವು ಅಲ್ಲಿನವರಂತೆ ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದವರು, ವಿಷಯ ಗೊತ್ತಾದ ದಿನವೇ ಕಾರಣ ಪತ್ತೆ ಮಾಡಿಬಿಟ್ಟರು. ಮೀನು ತಿನ್ನದ ಮಕ್ಕಳಿಗೆ ಓದು ತಲೆಗೆ ಹತ್ತುವುದಿಲ್ಲವಂತೆ. ಇದನ್ನು ಫೋನಿನಲ್ಲಿ ನಮ್ಮತ್ತೆಗೆ ಹೇಳಿದರೆ, ಅವರು ಮೈಸೂರಿನಲ್ಲೇ ಕೂತು ಇನ್ನೊಂದು ಕಾರಣ ಪತ್ತೆ ಮಾಡಿದರು. ಆ ಊರಿನ ಮೀನಿನ ವಾಸನೆ ಕುಡಿದೇ ಮಗು ಹೀಗಾಗಿದ್ದಂತೆ. ಡಾಕ್ಟರ ಮಾತನ್ನು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಮೀನಿನಿಂದ ಓದು ಬರುವುದಾದರೆ ಚೇಚಿಯ ಬೆಕ್ಕು ಇಷ್ಟು ಹೊತ್ತಿಗೆ ಐ.ಎ.ಎಸ್. ಮುಗಿಸಬೇಕಿತ್ತು.

೨. ಸೋಮಾರಿ

ಅಲ್ಲಿನ ಶಾಲೆಯ ಕ್ಲಾಸ್ ಟೀಚರ್ ಒಮ್ಮೆ ನನ್ನನ್ನು ಕರೆಸಿದರು. ಬಾಯಲ್ಲಿ ಕೇಳಿದರೆ ಹುಡುಗಿ ಎಲ್ಲಕ್ಕೂ ಉತ್ತರ ಹೇಳುತ್ತಾಳೆ, ಬರೆ ಎಂದರೆ ಅರ್ಧಕ್ಕೇ ನಿಲ್ಲಿಸುತ್ತಾಳೆ, ಆದ್ದರಿಂದ ಇದು ಶುದ್ಧ ಸೋಮಾರಿತನ ಎಂದು ತೀರ್ಪು ಕೊಟ್ಟರು. ವೈಟ್ಟಿಲದ ಟ್ರಾಫಿಕ್ಕಿನಲ್ಲಿ ಬೆಂದು ಬಂದಿದ್ದ ನಾನು ಹೇಗೋ ತಾಳ್ಮೆ ತಂದುಕೊಂಡು, ಹಾಗಾದರೆ ಬಾಯಲ್ಲೇ ಪರೀಕ್ಷೆ ಮಾಡಿ ಎಂದೆ.

"ಅದು ಹೇಗಾಗುತ್ತೆ ಮೇಡಂ? ಹಾಗೆ ಮಾಡಿದ್ರೆ ಅವಳು ಪಾಸಾಗಿಬಿಡ್ತಾಳಲ್ಲ."

೩. ನಿಯಮ ಪಾಲನೆ

ಆಮೇಲೆ ತಿರುವನಂತಪುರಕ್ಕೆ ವರ್ಗವಾಯಿತು. ಹೊಸ ಶಾಲೆಯಲ್ಲಿ ನಾನು ಮೊದಲ ದಿನವೇ ಡಾಕ್ಟರ ಸರ್ಟಿಫಿಕೇಟು ಕೊಟ್ಟು, ಶಾಲೆಯ ಪರೀಕ್ಷೆಗಳಲ್ಲೂ ಅರ್ಧ ಗಂಟೆ ಹೆಚ್ಚು ಕೊಡಿ ಎಂದು ಕೇಳಿಕೊಂಡೆ. ಧಾರಾಳವಾಗಿ ಒಪ್ಪಿದರು. ಪರೀಕ್ಷೆಯ ದಿನ ಸಮಯ ಮುಗಿದ ಗಂಟೆ ಹೊಡೆಯಿತು. ಮೇಲ್ವಿಚಾರಣೆಯ ಮೇಷ್ಟ್ರು ಎಲ್ಲರ ಉತ್ತರ ಪತ್ರಿಕೆ ಇಸಕೊಂಡರು, ನನ್ನ ಮಗಳದ್ದನ್ನೂ. ಆಮೇಲೆ ಅವಳಿಗೆ, ನೀನು ಇನ್ನು ಅರ್ಧ ಗಂಟೆ ಕೂತಿರು ಎಂದರು. ಮಗು ಖಾಲಿ ಡೆಸ್ಕಿನ ಮುಂದೆ ಕೂತು ಮನೆಗೆ ಬಂತು. ನಾನು ಜಗಳಕ್ಕೇ ಹೋದೆ. ಮೇಷ್ಟ್ರು ಶಾಂತವಾಗಿ ಹೇಳಿದರು:

"ಸಮಯ ಕೊಡಬೇಕು ಅಂತ ಹೇಳಿದ್ರು, ಕೊಟ್ಟೆ. ಪೇಪರ್ ಕೊಡಬೇಕು ಅಂತ ಯಾರೂ ಹೇಳ್ಲಿಲ್ಲ."

೪. ಭಾಷಣ

ಹತ್ತನೇ ಕ್ಲಾಸು ಬಂತು. ಹೆಚ್ಚಿನ ಸಮಯ ಕೇಳುವ ನಮ್ಮ ಅರ್ಜಿಯನ್ನು ಪರೀಕ್ಷಾ ಬೋರ್ಡಿಗೆ ಕಳಿಸಬೇಕಾದವರು ಪ್ರಿನ್ಸಿಪಾಲರು. ಕೇಳಿದಾಗೆಲ್ಲ ಅವರು ನೋಡೋಣ ಎನ್ನುತ್ತಿದ್ದರು. ಕೊನೆಯ ದಿನಾಂಕ ಹತ್ತಿರ ಬರುತ್ತಿತ್ತು, ನನಗೆ ನಿದ್ದೆ ಹಾರಿಹೋಗಿತ್ತು.

ಅಷ್ಟರಲ್ಲಿ ಶಾಲೆಯಲ್ಲಿ ಕಲಿಕೆಯ ತೊಂದರೆ ಇರುವ ಮಕ್ಕಳ ಬಗ್ಗೆ ಅರಿವು ಮೂಡಿಸುವ ಸಮಾರಂಭ. ಮುಖ್ಯ ಅತಿಥಿ ಶಿಕ್ಷಣ ಇಲಾಖೆಯ ಅಧಿಕಾರಿ. ಪ್ರಿನ್ಸಿಪಾಲರು ತಾವೇ ಇಂಗ್ಲಿಷಿನಲ್ಲಿ ಒಂದು ಭಾಷಣ ಬರೆದು, ವೇದಿಕೆಯಲ್ಲಿ ಓದು ಎಂದು ಕೊಟ್ಟದ್ದು ಯಾರಿಗೆ ಗೊತ್ತೇ? ನನ್ನ ಮಗಳಿಗೆ. ಇದಕ್ಕಿಂತ ಕ್ರೌರ್ಯ ಉಂಟೇ ಎಂದು ನಾನು ಮನೆಯಲ್ಲಿ ಕೂಗಾಡಿದೆ. ಹೋಗಬೇಡ ಎಂದೆ. ನಾನು ಕನ್ನಡದಲ್ಲಿ ಕೂಗಾಡಿದ್ದಕ್ಕೆಲ್ಲ ಅವಳು ಮಲಯಾಳದಲ್ಲಿ ಒಂದೇ ಮಾತು ಹೇಳಿದಳು: ಓದುತ್ತೇನೆ, ಪೂರ್ತಿ ಓದುತ್ತೇನೆ.

ಓದಿದಳು. ಪದದ ಕೆಳಗೆ ಬೆರಳಿಟ್ಟು, ತಡವರಿಸಿದಲ್ಲಿ ಮತ್ತೆ ಹಿಂದೆ ಹೋಗಿ, ಒಂದೊಂದೇ ಪದ. ಮೊದಲು ಜನ ಚಪ್ಪಾಳೆ ತಟ್ಟಿದರು, ಆಮೇಲೆ ಕೆಮ್ಮಿದರು, ಆಮೇಲೆ ವಾಚು ನೋಡಿದರು. ಮೊದಲ ಪುಟ ಮುಗಿಯುವ ಹೊತ್ತಿಗೆ ಪ್ರಿನ್ಸಿಪಾಲರು ಬೆವರುತ್ತಾ ಮೈಕಿನ ಹತ್ತಿರ ಬಂದು, ಸಾಕು ಮಗಳೇ, ಹೋಗಿ ಕೂತ್ಕೋ ಎಂದರು.

ಮಗಳು ಮೈಕಿನಲ್ಲೇ ಹೇಳಿದಳು: "ಇನ್ನೊಂದು ಪುಟ ಇದೆ ಸರ್. ನಂಗೆ ಎಕ್ಸ್‌ಟ್ರಾ ಟೈಮ್ ಬೇಕು."

ಸಭೆ ಗೊಳ್ಳೆಂದಿತು. ಅಧಿಕಾರಿ ಮಾತ್ರ ನಗಲಿಲ್ಲ. ಈ ಹುಡುಗಿಯ ಅರ್ಜಿ ಬೋರ್ಡಿಗೆ ಹೋಗಿದೆಯೇ ಎಂದು ಕೂತಲ್ಲಿಂದಲೇ ಕೇಳಿದರು. ಇವತ್ತೇ ಹೋಗುತ್ತದೆ ಸರ್ ಎಂದು ಪ್ರಿನ್ಸಿಪಾಲರು ಹೇಳಿದ್ದು ಅದೇ ಮೈಕಿನಲ್ಲಿ ಇಡೀ ಸಭೆಗೆ ಕೇಳಿಸಿತು. ಸಂಜೆಯೊಳಗೆ ಹೋಯಿತು ಕೂಡ.

ನಿಧಾನವಾಗಿ ಓದಮ್ಮ ಎಂದರು ಅಧಿಕಾರಿ. ಎರಡನೇ ಪುಟದ ಮೊದಲ ಸಾಲಿನಲ್ಲಿ, ನಮ್ಮ ಶಾಲೆ ಪ್ರತಿಯೊಂದು ಮಗುವಿಗಾಗಿ ತಾಳ್ಮೆಯಿಂದ ಕಾಯುತ್ತದೆ ಎಂದಿತ್ತು. ಮಗಳು ಅದನ್ನು ಓದಿ ಮುಗಿಸುವವರೆಗೆ ಪ್ರಿನ್ಸಿಪಾಲರು ಪಕ್ಕದಲ್ಲೇ ನಿಂತು ಕಾದರು.