ಕಿಟಕಿ ಸೇರದ ಕೋಲು

ಪರದೆಯ ಕೋಲು ಆರಿಸುವುದು ಒಂದು ವಿದ್ಯೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಬೀಜ, ಗೊಬ್ಬರ ಮಾರುವ ಅಂಗಡಿ ನನ್ನದು. ಯಾವ ಹೊಲಕ್ಕೆ ಯಾವ ಗೊಬ್ಬರ ಬೇಕೆಂದು ರೈತನ ಮುಖ ನೋಡಿಯೇ ಹೇಳುವವನು, ಒಂದು ಕಿಟಕಿಗೆ ಯಾವ ಕೋಲು ಬೇಕೆಂದು ಹೇಳಲಾರೆನೇ?

ಆ ಕಿಟಕಿ ಇರುವುದು ಸಿಂಧನೂರಿನ ಅಂಚಿನಲ್ಲಿರುವ ನಮ್ಮ ಮನೆಯ ಮಲಗುವ ಕೋಣೆಯಲ್ಲಿ. ಅದರಾಚೆ ಕಾಲುವೆ, ಕಾಲುವೆಯಾಚೆ ಭತ್ತದ ಗದ್ದೆ. ನನ್ನ ಹೆಂಡತಿ ಶಾಂತಾ ಆಸ್ಪತ್ರೆಯಲ್ಲಿ ನರ್ಸು. ಈಗ ಅವಳಿಗೆ ನೈಟ್ ಡ್ಯೂಟಿ. ಊರೆಲ್ಲ ಏಳುವ ಹೊತ್ತಿಗೆ ಅವಳು ಮನೆಗೆ ಬಂದು ಮಲಗಬೇಕು. ಸರಿಯಾಗಿ ಆಗಲೇ ಸೂರ್ಯನಾರಾಯಣ ಆ ಕಿಟಕಿಯಿಂದ ಇಳಿದು ಅವಳ ಮುಖದ ಮೇಲೆ ಬಂದು ಕೂರುತ್ತಾನೆ! ನಿದ್ದೆಗೆಟ್ಟು ಒಂದು ದಿನ ಚಹಾಕ್ಕೆ ಉಪ್ಪು ಹಾಕಿದಳು. ನಾನು ಹೆದರಿ ಕುಡಿದೆ. ಮರುದಿನ ಸೌಟು ಹಿಡಿದು ನಿಂತಲ್ಲೇ ತೂಕಡಿಸಿದಳು.

“ನನಗ ಬಂಗಾರ ಬ್ಯಾಡ, ಸೀರಿ ಬ್ಯಾಡ. ಹಗಲಿನಾಗ ಒಂದೀಟು ಕತ್ತಲ ಮಾಡಿಕೊಡ್ರಿ,” ಎಂದಳು.

“ಬರೇ ಇಷ್ಟ ಏನು?” ಎಂದೆ.

ಮಸ್ಕಿಯಲ್ಲಿ ನನಗೆ ಅಂಗಡಿಯ ಕೆಲಸವಿತ್ತು. ಅದನ್ನು ಮುಗಿಸಿ ಅಲ್ಲಿಯ ಪರದೆ ಅಂಗಡಿಗೆ ಹೊಕ್ಕೆ.

“ಕಿಡಕಿ ಅಳತಿ ತಂದೀರೇನ್ರಿ?” ಅಂಗಡಿಯವರು ಕೇಳಿದರು.

“ಕಿಡಕಿ ಎಲ್ಲಾರ ಮನ್ಯಾಗ ಇದ್ದಂಗ ಐತ್ರಿ,” ಎಂದೆ ಗಂಭೀರವಾಗಿ.

ಅವರು ಬರೆದುಕೊಳ್ಳಲು ತೆಗೆದ ಪೆನ್ನನ್ನು ಮತ್ತೆ ಕಿಸೆಗೆ ಸಿಕ್ಕಿಸಿಕೊಂಡರು. “ಪರದಾ ಚಂದಕ್ಕೋ, ಕತ್ತಲಕ್ಕೋ?”

“ಕತ್ತಲಕ್ಕ.”

“ಹಂಗಾರ ಟ್ರ್ಯಾಕ್ ಹಾಕಸ್ರಿ. ಛತ್ತಿಗೆ ಅಂಟಿಕೊಂಡು ಕೂಡ್ತೈತಿ, ಮ್ಯಾಲಿಂದ ಬೆಳಕು ಇಣಕಂಗಿಲ್ಲ. ದಪ್ಪನ ಅರಿವಿ ಇಳಿಬಿಟ್ರ ಮುಗೀತು.”

ಅವರು ತೋರಿಸಿದ ಟ್ರ್ಯಾಕು ಸೀಳಿದ ಪೈಪಿನ ತುಂಡಿನಂತೆ ಬಡಪಾಯಿಯಾಗಿತ್ತು. ನನ್ನ ಕಣ್ಣು ಅದರ ಪಕ್ಕಕ್ಕೆ ಹೋಯಿತು. ಅಲ್ಲೊಂದು ಉದ್ದನೆಯ ಕೋಲು! ಹಿತ್ತಾಳೆಯ ಹೊಳಪು, ತುದಿಗಳಲ್ಲಿ ತಾವರೆ ಮೊಗ್ಗು, ಮೈತುಂಬ ಬಳೆಗಳು. ಆ ಬಳೆಗಳಿಂದ ಇಳಿಬಿದ್ದ ತೆಳು ಬಿಳಿ ಬಟ್ಟೆ ಫ್ಯಾನಿನ ಗಾಳಿಗೆ ಮೆಲ್ಲಗೆ ಉಬ್ಬಿತು, ಇಳಿಯಿತು. ನನಗೆ ಮಸ್ಕಿ ಮರೆತೇಹೋಯಿತು. ಹೊಸದಾಗಿ ನಾಟಿ ಮಾಡಿದ ಗದ್ದೆಯ ಮೇಲೆ ಗಾಳಿ ಹಾದು ಬರುತ್ತಿದೆ. ಕಾಲುವೆಯ ದಂಡೆಯಲ್ಲಿ ಬೆಳ್ಳಕ್ಕಿಗಳು ಒಂಟಿಗಾಲಲ್ಲಿ ನಿಂತಿವೆ. ನಮ್ಮ ಕಿಟಕಿಯ ಬಿಳಿ ಪರದೆ ಉಸಿರಾಡಿದಂತೆ ಏಳುತ್ತದೆ, ಇಳಿಯುತ್ತದೆ. ಅದರ ತಂಪಿನಲ್ಲಿ ಶಾಂತಾ ಮಗುವಿನ ಹಾಗೆ ಮಲಗಿದ್ದಾಳೆ.

“ಇದನ್ನ ಕಟ್ರಿ!”

“ಅರಿವಿ ಭಾಳ ತೆಳ್ಳಗೈತ್ರಿ, ಬೆಳಕು ಪೂರಾ…”

“ಕಟ್ರಿ ಅಂದ್ನಲ್ಲ!”

ಅವರು ಬಟ್ಟೆಯನ್ನು ಚೀಲಕ್ಕೆ ಹಾಕಿದರು. ಬಳೆಗಳು ಜಾರದಂತೆ ಕೋಲಿಗೇ ದಾರ ಕಟ್ಟಿದರು. ಬಸ್ಸಿನಲ್ಲಿ ಯಾರ ಕಣ್ಣಿಗಾದರೂ ಚುಚ್ಚೀತೆಂದು ಮೇಲಿನ ತುದಿಗೆ ಕೆಂಪು ಬಟ್ಟೆ ಸುತ್ತಿದರು. ಮೊಗ್ಗು ಮಾತ್ರ ಅದರೊಳಗಿಂದ ಹೊಳೆಯುತ್ತಿತ್ತು.

ಅಂದು ಶ್ರಾವಣ ಸೋಮವಾರ. ಬೆಳಿಗ್ಗೆ ನಮ್ಮವ್ವ ಬಳಿದಿದ್ದ ವಿಭೂತಿ ಇನ್ನೂ ನನ್ನ ಹಣೆಯ ಮೇಲಿತ್ತು. ಕೋಲನ್ನು ನೆಟ್ಟಗೆ ಹಿಡಿದುಕೊಂಡು ತುಂಬಿದ ಬಸ್ಸು ಹತ್ತಿದೆ. ಬಸ್ಸು ಕುಲುಕಿದಾಗಲೆಲ್ಲ ಬಳೆಗಳು ಝಲ್ ಝಲ್ ಎಂದವು. ಮುಂದಿನ ಸೀಟಿನಲ್ಲಿ ನಮ್ಮ ಓಣಿಯ ಸಂಗವ್ವಜ್ಜಿ ಕೂತಿದ್ದಳು. ಅವಳ ಕಣ್ಣು ಅಷ್ಟಕ್ಕಷ್ಟೆ. ಕೋಲನ್ನು ಬುಡದಿಂದ ತುದಿಯವರೆಗೆ ನೋಡಿ, ಎದ್ದು ನಿಂತು ಕೈ ಮುಗಿದಳು.

“ನಂದಿಕೋಲು ತಂದಿಯೇನಪಾ? ಪುಣ್ಯಾತ್ಮ! ಕೋಲು ಹಿಡದಾವ ನಿಂದ್ರಬಾರದು. ಬಾ, ಕೂಡು.”

ಶಿವನ ಉತ್ಸವದಲ್ಲಿ ಭಕ್ತರು ಹೊತ್ತು ಕುಣಿಯುವ ನಂದಿಕೋಲು ಎಲ್ಲಿ, ಕಿಟಕಿಯ ಪರದೆಕೋಲು ಎಲ್ಲಿ! ನಾನು ಬಾಯಿ ತೆರೆದೆ. ನಿಜ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕಣ್ಣೆದುರಿಗೆ ಖಾಲಿ ಸೀಟಿತ್ತು. ಮಸ್ಕಿ-ಸಿಂಧನೂರು ಬಸ್ಸಿನಲ್ಲಿ ಖಾಲಿ ಸೀಟು!

ನಾನು ಕೂತೆ.

ಅಜ್ಜಿಗೆ ಇನ್ಯಾರೋ ಜಾಗ ಕೊಟ್ಟರು. ಕೋಲಿಗೆ ಲಗೇಜು ಟಿಕೀಟು ಹರಿಯಲು ಬಂದ ಕಂಡಕ್ಟರು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಮುಂದೆ ಹೋದ. ನಾನು ಕಿಟಕಿಗೆ ತಲೆಯಾನಿಸಿ ಬಿಳಿ ಪರದೆಯ ಕನಸು ಕಾಣುತ್ತ ಊರು ಮುಟ್ಟಿದೆ. ಇಳಿದವನು ಸೀದಾ ಮನೆಗೆ ಹೋಗಿದ್ದರೆ ಆಗುತ್ತಿತ್ತು. ಚಹಾ ಕುಡಿಯಲು ನಿಂತೆ. ಸಂಗವ್ವಜ್ಜಿ ನಿಲ್ಲಲಿಲ್ಲ.

ಮನೆ ಮುಂದೆ ಅವ್ವ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಹಿಂದೆ ಓಣಿಯ ಹೆಂಗಸರು! ನಾನು ಉಸಿರೆತ್ತುವ ಮೊದಲೇ ಕೋಲಿನ ಬುಡಕ್ಕೆ ತಂಬಿಗೆ ನೀರು ಬಿತ್ತು, ಮೈಗೆ ವಿಭೂತಿ ಏರಿತು.

“ಅವ್ವಾ, ಇದು…”

“ನಿಮ್ಮಪ್ಪ ಶ್ರಾವಣದಾಗ ನಂದಿಕೋಲು ಹೊತ್ತು ಕುಣೀತಿದ್ದನಲೇ. ಅವ ಹೋದ ಮ್ಯಾಲ ಈ ಮನ್ಯಾಗ ಆ ಝಲ್ ಝಲ್ ಸಪ್ಪಳಾನ ಕೇಳಿದ್ದಿಲ್ಲ. ಬಸವಣ್ಣನ ಮೂರ್ತಿ ಆಮ್ಯಾಲ ಕೂಡಸೂಣು ತಗೋ.”

ಅವಳ ಕಣ್ಣು ತುಂಬಿದ್ದವು. ಅದನ್ನು ನೋಡಿ ನನ್ನ ಕಣ್ಣೂ ತುಂಬಿದವು. ಇನ್ನು ಪರದೆಯ ಮಾತು ಎಲ್ಲಿಂದ ಎತ್ತಲಿ?

ಅರೆನಿದ್ದೆಯಲ್ಲಿ ಬಾಗಿಲಿಗೆ ಬಂದ ಶಾಂತಾ ಮೊಗ್ಗು ನೋಡಿದಳು, ಬಳೆ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು.

“ಇದು ನಮ್ಮ ಕಿಡಕಿಗಲ್ಲ, ಗ್ವಾಡಿಗೂ ದೊಡ್ಡದಾಗ್ತೈತಿ. ಅರಿವಿ ಎಲ್ಲೈತ್ರಿ?” ಎಂದು ಪಿಸುಗುಟ್ಟಿದಳು.

ಚೀಲದಿಂದ ಬಿಳಿ ಬಟ್ಟೆ ತೆಗೆದೆ. “ಮಡಿ ಅರಿವೀನೂ ತಂದಾನ ನನ್ನ ಮಗ!” ಎಂದು ಅವ್ವ ಅದನ್ನು ಕಸಿದುಕೊಂಡು ದೇವರ ಜಗಲಿಗೆ ಹಾಸಿದಳು. ಕೋಲು ಅದರ ಮೇಲೆ ಗೋಡೆಗೊರಗಿ ನಿಂತಿತು.

ಮರುದಿನದಿಂದ ಓಣಿಗೆ ಓಣಿಯೇ ಬಂತು. ಶಾಂತಾ ಡ್ಯೂಟಿ ಮುಗಿಸಿ ಬರುವ ಹೊತ್ತಿಗೇ ಗಂಟೆ, ತೆಂಗಿನಕಾಯಿ, ಭಜನೆ. ಒಳಗೆ ಹೋದರೆ ಬಿಸಿಲು, ಹೊರಗೆ ಬಂದರೆ ಮಂಗಳಾರತಿ!

“ಖೋಲಿಗೆ ಕತ್ತಲ ತರ್ರಿ ಅಂದ್ರ ಮನಿಗೆ ಸಂತಿ ತಂದ್ರಿ,” ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಆಕಳಿಸುತ್ತ ಹೇಳಿದಳು. ಟ್ರ್ಯಾಕು ತಂದಿದ್ದರೆ ಒಬ್ಬರಾದರೂ ಕೈ ಮುಗಿಯುತ್ತಿದ್ದರೇ?

ಕೊನೆಗೆ ಧೈರ್ಯ ಮಾಡಿ ಅವ್ವನಿಗೆ ಅರ್ಧ ನಿಜ ಹೇಳಿದೆ: ಶಾಂತಾಗೆ ನಿದ್ದೆಯಿಲ್ಲ. ಉಳಿದರ್ಧ ನಿಜ ಈಗಲೂ ಜಗಲಿಯ ಮೇಲೆಯೇ ಇದೆ.

“ಮೊದಲ ಹೇಳಬಾರದೇನಲೇ? ಹುಡುಗಿ ಮಾರಿ ನೋಡು, ಹೆಂಗ ಬಾಡೈತಿ!” ಎಂದ ಅವ್ವ, ಭಜನೆಯನ್ನೆಲ್ಲ ಸಂಜೆಗೆ ಹಾಕಿದಳು. ತನ್ನ ದಪ್ಪ ಕೌದಿಯನ್ನು ನನ್ನ ಕೈಗೆ ಕೊಟ್ಟಳು. “ಇದನ್ನ ಬಡಿ ಕಿಡಕಿಗೆ.”

ಬಡಿದೆ. ಮೊಳೆ ಬಗ್ಗಿತು, ಗಾರೆ ಉದುರಿತು, ಹೆಬ್ಬೆರಳು ಬಾತಿತು. ಆದರೆ ಕತ್ತಲೆಯಾಯಿತು! ಹಾಡಹಗಲೇ ತಣ್ಣನೆಯ, ಮೆತ್ತನೆಯ ಕತ್ತಲೆ. ಶಾಂತಾ ಆಗಿನ್ನೂ ಡ್ಯೂಟಿಯಿಂದ ಬಂದು ಸ್ನಾನಕ್ಕೆ ಹೋಗಿದ್ದಳು. ಅಷ್ಟರಲ್ಲಿ ಎಲ್ಲಾದರೂ ಬೆಳಕು ನುಸುಳುತ್ತದೆಯೇ ಎಂದು ಪರೀಕ್ಷಿಸಬೇಕಲ್ಲ? ನಿಂತು ನೋಡಿದರೆ ತಿಳಿಯದು. ಮಲಗುವವರ ಕಣ್ಣಿನಿಂದಲೇ ನೋಡಬೇಕು. ಹಾಗೆಂದು ಮಂಚದ ಮೇಲೆ ಒರಗಿದೆ. ಅವ್ವನ ಹಳೆಯ ಸೀರೆ, ಅಪ್ಪನ ಧೋತರದ ತುಂಡುಗಳಿಂದ ಹೊಲಿದ ಕೌದಿ ಗಾಳಿಗೆ ಒಮ್ಮೆ ಮಿಸುಕಿತು. ಕಾಲುವೆಯ ನೀರು ದೂರದಿಂದ ಜೋಗುಳ ಹಾಡಿದಂತೆ ಕೇಳಿಸಿತು. ಗದ್ದೆ, ಬೆಳ್ಳಕ್ಕಿ, ಬಿಳಿ ಪರದೆ ಎಲ್ಲ ತೇಲಿ ಬಂದವು…

“ರೀ, ಊಟ ಮುಚ್ಚಿಟ್ಟೀನಿ.”

ಕಣ್ಣು ಬಿಟ್ಟೆ. ನಡುಮನೆಯಲ್ಲಿ ದೀಪ ಹತ್ತಿತ್ತು. ಹೊರಗೆ ಸಂಜೆಯ ಭಜನೆ ಶುರುವಾಗಿತ್ತು. ಶಾಂತಾ ಹೆಗಲಿಗೆ ಚೀಲ ಹಾಕಿಕೊಂಡು ಡ್ಯೂಟಿಗೆ ಹೊರಟು ನಿಂತಿದ್ದಳು. ಕಣ್ಣುಗಳು ಕೆಂಪಗೆ.

“ಅಯ್ಯ! ಎಬ್ಬಸಬಾರದೇನು?”

“ಎಬ್ಬಸಾಕಂತ ಬಂದಿದ್ನಿ. ಭಾಳ ದಿನದ ಮ್ಯಾಲ ಈ ಖೋಲ್ಯಾಗ ಒಬ್ಬರರ ಚಂದಾಗಿ ಮಲಗ್ಯಾರಲ್ಲ ಅನಿಸ್ತು. ಬಾಗಲಾ ತೆಗದ್ರ ನಿಮಗ ಬೆಳಕು ಬೀಳ್ತೈತಂತ ಹೊರಗ ಕಟ್ಟಿ ಮ್ಯಾಲ ಕುಂತಿದ್ನಿ,” ಎಂದು ನಕ್ಕು ಹೊರಟುಹೋದಳು.

ನಮ್ಮ ಕೋಣೆಯಲ್ಲಿ ಕತ್ತಲೆ ಪಕ್ಕಾ ಆಗಿದೆ. ಅದಕ್ಕೆ ನಾನೇ ಸಾಕ್ಷಿ. ಯಾರಿಗಾಗಿ ಮಾಡಿದೆನೋ ಅವಳು ಮಾತ್ರ ಅದರಲ್ಲಿನ್ನೂ ಕಣ್ಣು ಮುಚ್ಚಿಲ್ಲ!