ಹಾಲಿನ ಡೈರಿಗೆ ಕೆನಡಾ ಬಂದದ್ದು

ಈ ವಿಷಯವನ್ನು ಬರೆದು ಮುಗಿಸಿಬಿಡಬೇಕೆಂದು ನಾನು ತೀರ್ಮಾನಿಸಿ ವರ್ಷದ ಮೇಲಾಯಿತು. ಮೊದಲು ಪೆನ್ನು ಬರೆಯುತ್ತಿರಲಿಲ್ಲ. ಪೆನ್ನು ಸರಿಹೋದಾಗ ಕನ್ನಡಕದ ಕಾಲು ಮುರಿಯಿತು. ಕನ್ನಡಕ ರಿಪೇರಿಯಾಗಿ ಮದ್ದೂರಿನಿಂದ ಬರುವ ಹೊತ್ತಿಗೆ ಕಬ್ಬು ಕಡಿಯುವವರು ಬಂದರು. ಅವರೂ ಹೋದ ಮೇಲೆ ಹೊಸ ನೆಪ ಹುಡುಕುವುದೇ ಒಂದು ಕಸುಬಾಯಿತು. ಮನುಷ್ಯನಿಗೆ ತಪ್ಪು ಮಾಡುವುದಕ್ಕೆ ಅರ್ಧ ಗಳಿಗೆ ಸಾಕು. ಅದನ್ನು ಒಪ್ಪಿಕೊಳ್ಳುವುದಕ್ಕೆ ಮಾತ್ರ ಒಳ್ಳೆಯ ಪೆನ್ನು, ಒಳ್ಳೆಯ ಬೆಳಕು, ಒಳ್ಳೆಯ ದಿನ ಎಲ್ಲವೂ ಒಟ್ಟಿಗೆ ಕೂಡಿ ಬರಬೇಕು. ಇವತ್ತು ಎಲ್ಲವೂ ಕೂಡಿ ಬಂದಿವೆ. ಜೊತೆಗೆ ಬೆಳಗಿನಿಂದ ಕರೆಂಟಿಲ್ಲ, ಫೋನಿನಲ್ಲಿ ಚಾರ್ಜಿಲ್ಲ, ಕೆನಡಾ ದೇಶದಲ್ಲಿ ಏನಾಗುತ್ತಿದೆ ಎಂದು ಕೇಳಲು ಸಾಧ್ಯವಿಲ್ಲ. ಹಾಗಾಗಿ ಬರೆಯದೆ ಬೇರೆ ದಾರಿಯಿಲ್ಲ.

ಕೆನಡಾ ಯಾಕೆ ಎಂದು ನೀವು ಕೇಳಬಹುದು. ನಾನು ಬೆಸಗರಹಳ್ಳಿ ಮಗ್ಗುಲಿನ ಒಂದು ಹಳ್ಳಿಯವನು. ಎಸ್ಸೆಸ್ಸೆಲ್ಸಿ ತನಕ ಓದಿ, ಮಂಡ್ಯ, ಮದ್ದೂರು, ಮಳವಳ್ಳಿ ನಡುವೆ ಓಡುವ ಪ್ರೈವೇಟ್ ಬಸ್ಸಿನಲ್ಲಿ ಜೀವಮಾನವೆಲ್ಲ ಟಿಕೆಟ್ ಹರಿದವನು. ಆ ಬಸ್ಸಿನಲ್ಲಿ ನಾನು ಕಲಿತದ್ದು ಎರಡೇ ವಿದ್ಯೆ: ಚಿಲ್ಲರೆ ಇಲ್ಲವೆಂದು ನಂಬಿಸುವುದು, ಮತ್ತು ರಾಜಕೀಯ. ಚುನಾವಣೆ ಬಂತೆಂದರೆ ಮಂಡ್ಯದಲ್ಲಿ ಒಟ್ಟಿಗೆ ಹತ್ತಿದ ಅಣ್ಣತಮ್ಮಂದಿರು ಮದ್ದೂರು ದಾಟುವಷ್ಟರಲ್ಲಿ ಒಬ್ಬ ಎಡಗಡೆ ಸೀಟಿಗೆ, ಇನ್ನೊಬ್ಬ ಬಲಗಡೆ ಸೀಟಿಗೆ ಹಂಚಿಹೋಗಿ, ಮಳವಳ್ಳಿಯಲ್ಲಿ ಒಬ್ಬ ಮುಂದಿನ ಬಾಗಿಲಿನಿಂದಲೂ ಒಬ್ಬ ಹಿಂದಿನ ಬಾಗಿಲಿನಿಂದಲೂ ಇಳಿದು ಹೋಗುತ್ತಿದ್ದರು. ನಮ್ಮ ಸೀಮೆಯಲ್ಲಿ ಮಗುವಿಗೆ ಹೆಸರಿಡುವ ಮೊದಲೇ ಅದು ಯಾವ ಪಾರ್ಟಿ ಎನ್ನುವುದು ಗೊತ್ತಾಗಿರುತ್ತದೆ. ಕೆಲಸ ಬಿಟ್ಟ ಮೇಲೆ ನನ್ನ ಈ ರೋಗ ಉಲ್ಬಣಿಸಿತು. ನನ್ನ ಭಾಮೈದನ ಮನೆಯ ಬೀಗರೂಟದಲ್ಲಿ ಪಂಕ್ತಿಯಲ್ಲಿ ಕೂತವನು, ಯಾರು ಗೆಲ್ಲುತ್ತಾರೆ ಎಂಬ ಮಾತಿಗೆ ಮಾತು ಬೆಳೆದು, ಎಲೆಯ ಮೇಲಿನ ಮುದ್ದೆಯನ್ನು ಮುರಿಯದೆ ಎದ್ದು ಬಂದುಬಿಟ್ಟೆ. ನನ್ನ ಹೆಂಡತಿ ಜಯಮ್ಮ ಸಾವಕಾಶವಾಗಿ ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು, ಸಂಜೆ ಮನೆಗೆ ಬಂದವಳು ಬಾಗಿಲಲ್ಲೇ ನಿಂತು, "ಇವತ್ತಿಂದ ಈ ದೇಸದ ರಾಜಕೀಯ ಈ ಮನೆ ವಸ್ಲು ದಾಟಂಗಿಲ್ಲ" ಎಂದಳು. ಟೀವಿಯ ರಿಮೋಟು ಅವಳ ಸೊಂಟಕ್ಕೆ ಸೇರಿತು.

ಕಂಡಕ್ಟರಾಗಿದ್ದವನಿಗೆ ಯಾವ ಕಟ್ಟಪ್ಪಣೆಯಲ್ಲೂ ಒಂದು ಸಂದು ಕಾಣುತ್ತದೆ. ಅವಳು ಹೇಳಿದ್ದು ಈ ದೇಶದ ರಾಜಕೀಯ ಎಂದು ತಾನೇ? ಮದ್ದೂರಿನ ಮೊಬೈಲ್ ಅಂಗಡಿಯವನು ನನ್ನ ಫೋನಿಗೆ ಹರಿಕಥೆ ಕೇಳುವ ಏರ್ಪಾಡು ಮಾಡಿಕೊಟ್ಟಿದ್ದ. ಒಂದು ಮಧ್ಯಾಹ್ನ ಉಂಡು ಹರಿಕಥೆ ಹಾಕಿಕೊಂಡು ಮಲಗಿದ್ದೆ. ನಿದ್ದೆಯಲ್ಲಿ ಕೈ ಎಲ್ಲಿ ತಾಗಿತೋ ಏನೋ, ಎಚ್ಚರವಾದಾಗ ದಾಸರು ಹೋಗಿ, ಕೆನಡಾ ದೇಶದ ಒಬ್ಬ ಗಂಡಸೂ ಒಬ್ಬ ಹೆಂಗಸೂ ಇಂಗ್ಲಿಷಿನಲ್ಲಿ ರಾಜಕೀಯ ಮಾತಾಡುತ್ತಿದ್ದರು. ಅದಕ್ಕೆ ಪಾಡ್‌ಕಾಸ್ಟ್ ಎನ್ನುತ್ತಾರೆಂದು ಆಮೇಲೆ ತಿಳಿಯಿತು. ನನ್ನ ಇಂಗ್ಲಿಷಿಗೆ ಅವರ ವೇಗ ಹೆಚ್ಚಾಯಿತು. ಅಂಗಡಿಯವನಿಂದ ನಿಧಾನ ಮಾಡಿಸಿಕೊಂಡೆ. ಆ ವೇಗದಲ್ಲಿ ಇಬ್ಬರೂ ಸೋಮನಹಳ್ಳಿಯ ಬಾರಿನಿಂದ ಈಗ ತಾನೇ ಹೊರಗೆ ಬಂದವರಂತೆ ಕೇಳುತ್ತಿದ್ದರು. ಆದರೆ ಎಂಥ ಮರ್ಯಾದಸ್ತ ಕುಡುಕರು. ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕಿದರೆ ಸಾರಿ. ಕೆಮ್ಮಿದರೆ ಸಾರಿ. ಒಮ್ಮೆ ಯಾವುದೋ ಸಣ್ಣ ಊರು ಯಾವ ಪ್ರಾಂತ್ಯಕ್ಕೆ ಸೇರಿದ್ದೆಂದು ತಪ್ಪು ಹೇಳಿದ್ದಕ್ಕೆ, ಮುಂದಿನ ವಾರ ಶುರುವಿನಲ್ಲೇ ಆ ಊರಿನವರನ್ನೆಲ್ಲ ಕ್ಷಮೆ ಕೇಳಿದರು. ನಾನು ಮದ್ದೂರಿನಲ್ಲಿ ಇಳಿಯಬೇಕಾದವರನ್ನು ಎಬ್ಬಿಸಲು ಮರೆತು ಮಳವಳ್ಳಿಗೆ ಒಯ್ದು, ಹೆಚ್ಚಿನ ಟಿಕೆಟ್ಟಿನ ದುಡ್ಡನ್ನು ಅವರಿಂದಲೇ ವಸೂಲು ಮಾಡಿದವನು. ಕಣ್ಣು ತುಂಬಿ ಬಂತು.

ಅಮೆರಿಕದವರ ಪಾಡ್‌ಕಾಸ್ಟ್‌ಗಳನ್ನೂ ಕೇಳಿದೆ. ಅವರದ್ದು ನಮ್ಮ ಮಂಡ್ಯದ ಧಾಟಿ; ನಿಧಾನ ಮಾಡಿದರೂ ಜಗಳ ಜಗಳವೇ. ಬೆಳಿಗ್ಗೆ ಅಮೆರಿಕ, ಸಂಜೆ ಕೆನಡಾ ಎಂದು ಇಟ್ಟುಕೊಂಡೆ. ಮೊದಲನೆಯದು ಏರಿಸಿದ ಬೀಪಿಯನ್ನು ಎರಡನೆಯದು ಇಳಿಸುತ್ತಿತ್ತು. ನಮ್ಮೂರಿನ ರಾಜಣ್ಣನ ಹೋಟೆಲಿನಲ್ಲಿ ರಾಜಕೀಯ ಮಾತಾಡಕೂಡದೆಂದು ಬೋರ್ಡಿದೆ. ಎರಡು ಬೆಂಚು ಮುರಿದ ಮೇಲೆ ಹಾಕಿದ್ದು. ಕೆನಡಾಕ್ಕೆ ಮಾತ್ರ ಅವನು ವಿನಾಯಿತಿ ಕೊಟ್ಟ. ಎರಡೂ ದೇಶಗಳ ಸುಂಕದ ಜಗಳವನ್ನು ನಾನು ಅಲ್ಲಿ ಬಿಡಿಸಿ ಹೇಳಿದೆ: ಅಕ್ಕಪಕ್ಕ ಎರಡು ಗದ್ದೆ, ನಡುವೆ ಬದು, ದೊಡ್ಡ ಗದ್ದೆಯವನು ಒಂದು ದಿನ ಎದ್ದು, ನಿನ್ನ ಗಾಡಿ ನನ್ನ ಕಡೆ ಬಂದರೆ ಸುಂಕ ಕಟ್ಟು, ಇಲ್ಲದಿದ್ದರೆ ನಿನ್ನ ಗದ್ದೆಯನ್ನೇ ನನ್ನದಕ್ಕೆ ಸೇರಿಸಿಬಿಡು ಅನ್ನುತ್ತಾನೆ. ಎಲ್ಲರಿಗೂ ತಕ್ಷಣ ಅರ್ಥವಾಯಿತು. ಹಂಗಾದ್ರೆ ಕೆನಡಾದವರು ಸರ್ವೆ ಮಾಡಿಸಿ ಕಲ್ಲು ನೆಡಿಸಬಾರದೇ ಎಂದು ಒಬ್ಬರು ಕೇಳಿದರು. ಅಂದಿನಿಂದ ನನ್ನ ಹೆಸರೇ ಕೆನಡಾ ಆಯಿತು. "ಕೆನಡಾಗೆ ಒಂದು ಟೀ" ಎಂದು ರಾಜಣ್ಣ ಕೂಗಿದಾಗ ನನಗೆ ಒಳಗೊಳಗೇ ಹಿಗ್ಗು. ಜೀವನದಲ್ಲಿ ಮೊದಲ ಸಲ ನಾನು ತಿಳಿದವನಾಗಿದ್ದೆ. ಕೇಡು ಅಲ್ಲಿಂದ ಶುರುವಾಯಿತು.

ನಮ್ಮೂರಿನಲ್ಲಿ ಹೆಂಗಸರ ಹಾಲಿನ ಸೊಸೈಟಿ ಇದೆ. ಊರವರ ಬಾಯಲ್ಲಿ ಅದು ಡೈರಿ. ಜಯಮ್ಮ ಅದರ ಒಬ್ಬ ನಿರ್ದೇಶಕಿ. ಮೀಟಿಂಗಿನಲ್ಲಿ ಬಾಯಿ ಬಿಡದೆ ಕೂರುವುದೇ ಅವಳ ನಿರ್ದೇಶನ. ಅಧ್ಯಕ್ಷೆ ನಮ್ಮ ಎದುರುಮನೆಯವರು. ಅವರ ಹೆಸರು ಬರೆಯಲು ಈಗಲೇ ಕೈ ಏಳುತ್ತಿಲ್ಲ, ಸದ್ಯಕ್ಕೆ ಅಧ್ಯಕ್ಷೆ ಎಂದೇ ಇರಲಿ. ನನಗಿಂತ ಬಹಳ ಚಿಕ್ಕವರು, ನನ್ನನ್ನು ಅಣ್ಣ ಎನ್ನುತ್ತಿದ್ದರು. ಡೈರಿಗೆ ಸ್ವಂತ ಕಟ್ಟಡವಾದದ್ದು ಅವರು ಮಂಡ್ಯಕ್ಕೆ ಅಲೆದು ಅಲೆದು. ಆ ಕುರ್ಚಿ ಅವರಿಗೆ ಏನಾಗಿತ್ತೆಂದರೆ, ಸೊಸೆಯನ್ನು ಹೆಸರು ಹಿಡಿದೂ ಕೂಗದೆ ಬರೀ "ಏ" ಎನ್ನುತ್ತಿದ್ದ ಅವರ ಅತ್ತೆ ಕೂಡ, ಬೆಳಿಗ್ಗೆ "ಅದ್ಯಕ್ಸ್ರು ಎದ್ರಾ?" ಎಂದು ಕೇಳುವಂತಾಗಿತ್ತು. ಅರ್ಧ ತಮಾಷೆ, ಅರ್ಧ ನಿಜವಾದ ಗೌರವ.

ಒಂದು ದಿನ ಬೆಳಿಗ್ಗೆ ಇನ್ನೊಬ್ಬ ನಿರ್ದೇಶಕಿ ಚೌಡಮ್ಮ ತಂದ ಹಾಲಿಗೆ ನೀರು ಬೆರೆತಿದೆಯೆಂದು ಅಧ್ಯಕ್ಷೆ ಎಲ್ಲರೆದುರಿಗೆ ವಾಪಸ್ ಕಳಿಸಿದರು. ಚೌಡಮ್ಮ ಕುದಿದಳು. ನಿರ್ದೇಶಕಿಯರ ಹಾಲನ್ನು ವಾಪಸ್ ಮಾಡುವ ಮೊದಲು ಕಮಿಟಿಯನ್ನು ಕೇಳಬೇಕು ಎಂಬ ವಿಷಯವನ್ನು ಮುಂದಿನ ಮೀಟಿಂಗಿಗೆ ತರುವುದಾಗಿ ಊರೆಲ್ಲ ಹೇಳಿಕೊಂಡು ಬಂದಳು. ಸಂಜೆ ಅಧ್ಯಕ್ಷೆ ನಮ್ಮ ಜಗಲಿಗೆ ಬಂದರು. ಬಂದದ್ದು ಜಯಮ್ಮನ ಹತ್ತಿರ, ನನ್ನ ಹತ್ತಿರವಲ್ಲ. ಜಯಮ್ಮ ಹುರುಳಿ ಕೇರುತ್ತಾ, ಚೌಡಮ್ಮನ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದು, ಎಲ್ಲರೆದುರು ಅಂದದ್ದು ತಪ್ಪಾಯಿತು ಎಂದುಬಿಡು, ಹಾಲಿನ ಮಾತು ಮಾತ್ರ ಬಿಟ್ಟುಕೊಡಬೇಡ ಎಂದಳು. ಅಲ್ಲಿಗೆ ಮುಗಿಯುತ್ತಿತ್ತು. ನಾನು ಕಿವಿಯಿಂದ ಇಯರ್‌ಫೋನ್ ತೆಗೆದೆ.

ಎಂಥ ಕಾಫಿ, ಎಂಥ ತಪ್ಪಾಯಿತು ಎಂದೆ. ಅದೇ ವಾರ ಕೆನಡಾದ ಆ ಇಬ್ಬರು ವಿಶ್ವಾಸಮತದ ವಿಷಯ ಹೇಳಿದ್ದರು. ಬಹುಮತವಿಲ್ಲದ ಸರ್ಕಾರ ಅಲ್ಲಿ ಏನು ಮಾಡುತ್ತದೆ? ಈ ವಿಷಯದಲ್ಲಿ ನಮ್ಮನ್ನು ಸೋಲಿಸಿದರೆ ನಾವು ಇಳಿಯುತ್ತೇವೆ ಎಂದು ಎದ್ದು ನಿಲ್ಲುತ್ತದೆ. ಅಷ್ಟಕ್ಕೇ ಎದುರು ಪಕ್ಷದವರು ಬೆವರಿ ಕೈ ಕೆಳಗಿಳಿಸುತ್ತಾರೆ. ನೀನೂ ಹಾಗೇ ಮಾಡಮ್ಮ, ಮೀಟಿಂಗಿನಲ್ಲಿ ಕುರ್ಚಿಯನ್ನೇ ಪಣಕ್ಕಿಡು, ಚೌಡಮ್ಮ ಮರುಮಾತಾಡಿದರೆ ಕೇಳು ಎಂದೆ. ಅಧ್ಯಕ್ಷೆ, "ನಿಜ್ವಾಗ್ಲೂ ಅಂಗಾಯ್ತದಾ ಅಣ್ಣ?" ಎಂದರು. ಕೆನಡಾದಲ್ಲಿ ಆಗಿದೆ ಎಂದೆ. ಜಯಮ್ಮ ಹುರುಳಿಯ ಮೊರವನ್ನು ಒಂದು ಸಲ ಜೋರಾಗಿ ಕೊಡವಿದಳು. ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಮೀಟಿಂಗಿನ ದಿನ ನಾನು ಡೈರಿಯ ಹೊರಗಿನ ಕಟ್ಟೆಯ ಮೇಲೆ ಹಾಲಿನ ಕ್ಯಾನುಗಳ ಪಕ್ಕ ಕೂತಿದ್ದೆ. ಕಿಟಕಿಯಿಂದ ಎಲ್ಲ ಕೇಳುತ್ತಿತ್ತು. ಚೌಡಮ್ಮ ವಿಷಯ ಎತ್ತಿದಳು. ಅಧ್ಯಕ್ಷೆ ಎದ್ದು, ನಾನು ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ ಹೇಳಿದರು: "ಈ ಮಾತ್ಗೆ ನನ್ ಕುರ್ಚೀನೆ ಇಟ್ಟಿವ್ನಿ. ನೀವು ಇದ್ನ ಪಾಸ್ ಮಾಡುದ್ರೆ ನಾನು ಇಳೀತೀನಿ." ಒಳಗೆ ಈಗ ಎಲ್ಲರೂ ಬೆವರುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಚೌಡಮ್ಮನ ದನಿ ಕೇಳಿತು, ಬಹಳ ಅಕ್ಕರೆಯಿಂದ: "ಆಯ್ತು ಬುಡವ್ವ. ನೀನೂ ಎಷ್ಟು ದಿನ ಅಂತ ದುಡೀತೀಯೆ? ಒಸಿ ಸುದಾರ್ಸ್ಕೊ."

ಅಷ್ಟೇ. ಜಯಮ್ಮನನ್ನು ಬಿಟ್ಟು ಉಳಿದವರೆಲ್ಲ ಕೈ ಎತ್ತಿದರು. ಕೆನಡಾದಲ್ಲಿ ಸರ್ಕಾರ ಬಿದ್ದರೆ ಬೀಳಿಸಿದವರೂ ಮನೆಗೆ ಹೋಗಿ ಹೊಸದಾಗಿ ಓಟು ಕೇಳಬೇಕು. ಅವರು ಬೆವರುವುದು ಆ ಭಯಕ್ಕೆ. ನಮ್ಮ ಡೈರಿಯಲ್ಲಿ ಅಧ್ಯಕ್ಷೆ ಇಳಿದರೆ ಅಧ್ಯಕ್ಷೆ ಮಾತ್ರ ಇಳಿಯುತ್ತಾರೆ, ಬೀಳಿಸಿದವರ ಕುರ್ಚಿ ಅಲುಗುವುದೂ ಇಲ್ಲ. ಇಷ್ಟು ಸಣ್ಣ ವ್ಯತ್ಯಾಸ, ಜೀವಮಾನವೆಲ್ಲ ಸ್ಟಾಪು ಲೆಕ್ಕ ಹಾಕಿದ ನನ್ನ ತಲೆಗೆ ಹೋಗಿರಲಿಲ್ಲ. ಇನ್ನೂ ಮುಗಿಯಲಿಲ್ಲ. ಹೊಸ ಅಧ್ಯಕ್ಷೆ ಯಾರೆಂದು ಮಾತು ಬಂದು, ಯಾರ ಕಡೆಗೂ ಸೇರದೆ ಬಾಯಿ ಮುಚ್ಚಿಕೊಂಡಿದ್ದವಳು ಒಬ್ಬಳೇ ಎಂದು ಎಲ್ಲರೂ ಒಪ್ಪಿ, ಜಯಮ್ಮನನ್ನು ಕೂರಿಸಿಬಿಟ್ಟರು. ಬೇಡ ಬೇಡವೆಂದರೂ ಬಿಡಲಿಲ್ಲ. ಹೊರಗೆ ಬಂದವಳು ನನ್ನ ಮುಖ ನೋಡದೆ, "ನಡೀರಿ ಮನ್ಗೆ, ಕೆನಡಾ" ಎಂದಳು. ಅವಳು ನನ್ನನ್ನು ಆ ಹೆಸರಿನಿಂದ ಕರೆದದ್ದು ಅದೇ ಮೊದಲು.

ಇಲ್ಲಿಯ ತನಕ ನನ್ನದು ಬರೀ ದಡ್ಡತನ. ತಪ್ಪು ಶುರುವಾಗುವುದು ಇನ್ನು ಮುಂದೆ. ಆ ಸಂಜೆ ಹೋಟೆಲಿಗೆ ಹೋದಾಗ ಬೈಗುಳ ಕಾದಿದೆ ಎಂದುಕೊಂಡಿದ್ದೆ. ರಾಜಣ್ಣ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು, ತಾನೇ ಬೆಂಚು ಒರೆಸಿ ಕೂರಿಸಿದ. ಎದುರುಮನೆಯವಳನ್ನು ಅವಳ ಬಾಯಿಂದಲೇ ಇಳಿಸಿ, ಒಂದು ಓಟು ಕೇಳದೆ ಹೆಂಡತಿಯನ್ನು ಕೂರಿಸಿದ ಗಂಡಸು ಈ ತಾಲ್ಲೂಕಿನಲ್ಲೇ ಇನ್ನೊಬ್ಬನಿಲ್ಲವಂತೆ. ಕೆನಡಾ, ಪಾಡ್‌ಕಾಸ್ಟು ಎಲ್ಲ ಬರೀ ಮುಸುಕಂತೆ. "ಇಂಥ ತಲೆ ಮಡಿಕ್ಕೊಂಡು ಇಷ್ಟು ದಿನ ಸುಮ್ಕಿದ್ರಲ್ಲ" ಎಂದ. ನಾನು ನಿಜ ಹೇಳಲು ಬಾಯಿ ತೆರೆದೆ. ಸುತ್ತಲೂ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಕಣ್ಣುಗಳಲ್ಲಿ ಭಕ್ತಿ. ನಾನು ಮೆಲ್ಲಗೆ ನಕ್ಕೆ. ಏನನ್ನೂ ಒಪ್ಪದ, ಏನನ್ನೂ ಅಲ್ಲಗಳೆಯದ ನಗು. ದೊಡ್ಡ ಲೀಡರುಗಳ ನಗು. ರಾಜಣ್ಣ ಟೀಗೆ ದುಡ್ಡು ತೆಗೆದುಕೊಳ್ಳಲಿಲ್ಲ. ವಾರದೊಳಗೆ ಮಳವಳ್ಳಿ ಕಡೆಯಿಂದ, ಯಾವುದೋ ಸೊಸೈಟಿ ಚುನಾವಣೆಗೆ ನಿಲ್ಲಬೇಕೆಂದಿದ್ದ ಒಬ್ಬರು ಸಲಹೆ ಕೇಳಲು ಬಾಳೆಹಣ್ಣು ಹಿಡಿದು ಬಂದರು. ಅವರಿಗೂ ಅದೇ ನಗು ಕೊಟ್ಟು ಕಳಿಸಿದೆ. ನಮ್ಮ ಕಡೆ ಗಂಡಸು ಕಪಟಿ ಎನಿಸಿಕೊಂಡರೆ ಬದುಕಬಹುದು; ಪೆದ್ದ ಎನಿಸಿಕೊಂಡರೆ ಮದುವೆ ಮನೆಯಲ್ಲಿ ಕುರ್ಚಿ ಕೂಡ ಸಿಗುವುದಿಲ್ಲ.

ಮೀಟಿಂಗಾದ ಎರಡು ದಿನಕ್ಕೆ ಬೆಳಿಗ್ಗೆ ಹಾಲು ಹಾಕಲು ನಾನೇ ಹೋಗಿದ್ದೆ. ಸಾಲಿನಲ್ಲಿ ನನ್ನ ಮುಂದೆ ಅವರು, ಹಳೆಯ ಅಧ್ಯಕ್ಷೆ. ತಿರುಗಿ ನೋಡಿದರು. ಜಗಳಕ್ಕೆ ನಿಲ್ಲುತ್ತಾರೆ ಎಂದುಕೊಂಡೆ. ನಿಲ್ಲಲಿಲ್ಲ. ಮೆತ್ತಗೆ ಕೇಳಿದರು: "ಅಕ್ಕನ್ಗೆ ಕುರ್ಚಿ ಬೇಕು ಅಂತ ಒಂದ್ ಮಾತು ಅಂದಿದ್ರೆ ನಾನೇ ಬುಟ್ಟುಕೊಡ್ತಿರ್ಲಿಲ್ವ ಅಣ್ಣ? ಆ ದೂರದ ದೇಸದ ಕತೆ ಎಲ್ಲ ಯಾಕ್ ಯೋಳ್ಬೇಕಿತ್ತು?"

ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಲ್ಲ ಕಣಮ್ಮ, ನನಗೆ ಯಾವ ಕಪಟವೂ ಗೊತ್ತಿಲ್ಲ, ನಾನು ಆ ಕತೆಯನ್ನು ನಿಜವೆಂದು ನಂಬಿದ್ದೆ ಎಂದಿದ್ದರೆ ಸಾಕಿತ್ತು. ಆದರೆ ಸಾಲಿನಲ್ಲಿದ್ದವರೆಲ್ಲ ಕ್ಯಾನು ಹಿಡಿದುಕೊಂಡು ಕಿವಿ ಇತ್ತಲೇ ಇಟ್ಟಿದ್ದರು. ನನಗೆ ಗೊತ್ತಿಲ್ಲದೆಯೇ ಆ ನಗು ಬಂದುಬಿಟ್ಟಿತು. ಅವರು ಹಾಲು ಅಳೆಸಿ ಹೊರಟುಹೋದರು. ಅಣ್ಣ ಎಂದದ್ದು ಅದೇ ಕೊನೆ.

ಆಮೇಲೆ ಅವರ ಹಸು ಕರು ಹಾಕಿತು. ಗಿಣ್ಣು ಬೀದಿಯ ಎಲ್ಲ ಮನೆಗೂ ಹೋಯಿತು, ನಮ್ಮ ಮನೆಯ ಬಾಗಿಲು ದಾಟಿಕೊಂಡು ಪಕ್ಕದ ಮನೆಗೂ ಹೋಯಿತು. ನಾನು ಜಗಲಿಯ ಮೇಲೆ ಕೂತು ಕೆನಡಾ ಕೇಳುತ್ತಾ ಆ ಪಾತ್ರೆ ಹೋಗುವುದನ್ನು ನೋಡಿದೆ. ಕಿವಿಯಲ್ಲಿ ಆ ಹೆಂಗಸು ಯಾರಿಗೋ ಸಾರಿ ಎನ್ನುತ್ತಿದ್ದಳು. ಕ್ಷಮೆ ಕೇಳಲು ನಾನೂ ಹೊರಡದೆ ಇರಲಿಲ್ಲ. ಒಮ್ಮೆ ಅವರ ಅಂಗಳದ ತನಕ ಹೋಗಿ ಹಸುವಿನ ಆರೋಗ್ಯ ವಿಚಾರಿಸಿ ಬಂದೆ. ಇನ್ನೊಮ್ಮೆ ಹೋಗಿ, ನಾಲೆಗೆ ನೀರು ಯಾವಾಗ ಬಿಡುತ್ತಾರಂತೆ ಎಂದು ಕೇಳಿದೆ. ಅದು ಅವರಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ಅತ್ತೆ ಹಿಂದಿನ ಹಾಗೆ "ಏ" ಎಂದು ಕೂಗಿದರು, ಅವರು ಎದ್ದು ಒಳಗೆ ಹೋದರು. ಕೆನಡಾದವರು ಎಲ್ಲೋ ಇರುವ ಊರಿನವರನ್ನು ಕ್ಷಮೆ ಕೇಳುವುದು ಸುಲಭ. ಮಾರನೆಯ ದಿನ ಆ ಊರಿನವರ ಜೊತೆ ಒಂದೇ ನಲ್ಲಿಯಲ್ಲಿ ನೀರು ಹಿಡಿಯಬೇಕಾಗಿಲ್ಲ.

ಹೋದ ವಾರ ಇದನ್ನೆಲ್ಲ ಬರೆದು ಪತ್ರಿಕೆಗೆ ಕಳಿಸುತ್ತೇನೆಂದು ಜಯಮ್ಮನಿಗೆ ಹೇಳಿದೆ. ಅವಳು ಈಗ ಡೈರಿಯನ್ನು ಚೆನ್ನಾಗಿಯೇ ನಡೆಸುತ್ತಿದ್ದಾಳೆ. ಕಮಿಟಿಯನ್ನು ಕೇಳಿಯೇ ಚೌಡಮ್ಮನ ಹಾಲನ್ನು ವಾಪಸ್ ಕಳಿಸಿ, ಸಂಜೆ ಅವಳ ಮನೆಗೇ ಹೋಗಿ ಕಾಫಿ ಕುಡಿದು ಬರುತ್ತಾಳೆ. ತಲೆ ಎತ್ತದೆ, "ಎಸ್ರು ಬರೀತೀರಾ?" ಎಂದಳು. ಹೆಸರು ಯಾಕೆ, ಒಬ್ಬ ಮಹಿಳೆ ಎಂದರೆ ಸಾಲದೇ ಎಂದೆ.

"ಎಸ್ರಿಲ್ದೆ ಬರುದ್ರೆ ಅದೂ ಕೆನಡಾನೆ" ಎಂದಳು.

ಬರುವ ವರ್ಷ ಡೈರಿಗೆ ಮತ್ತೆ ಚುನಾವಣೆ. ಇದು ಅಚ್ಚಾಗಿ ರಾಜಣ್ಣನ ಹೋಟೆಲಿಗೆ ತಲುಪಿದರೆ, ಹೆಂಡತಿಗೆ ಎದುರುಮನೆಯ ಓಟು ಹೊಂದಿಸಲು ನಾನು ಹೂಡಿದ ಹೊಸ ಆಟವೆಂದೇ ಅಲ್ಲಿ ಓದುತ್ತಾರೆ. ಮತ್ತೆ ನಾಲ್ಕು ದಿನ ಟೀ ಪುಕ್ಕಟೆ ಸಿಕ್ಕರೂ ಸಿಕ್ಕಬಹುದು. ಕುಡಿಯುವುದಿಲ್ಲ ಎಂದು ಮಾತು ಕೊಡುವಷ್ಟು ನಾನಿನ್ನೂ ಸುಧಾರಿಸಿಲ್ಲ. ಅವರು ಏನೆಂದಾದರೂ ಓದಿಕೊಳ್ಳಲಿ. ಆವತ್ತು ಹಾಲಿನ ಸಾಲಿನಲ್ಲಿ ಹೇಳಬೇಕಾಗಿದ್ದ ಮಾತು ಇಷ್ಟೇ: ನಾನು ಯಾವ ಆಟವನ್ನೂ ಕಟ್ಟಿರಲಿಲ್ಲ, ನಾನು ಬರೀ ದಡ್ಡ ಕಣಮ್ಮ, ಕೆಂಪಾಜಮ್ಮ.