ವಿಡಿಯೋ ಗೇಮಿನ ಪಟೇಲರಿಗೆ, ದೊಡ್ಡಮಲ್ಲಮ್ಮನ ಮನೆಯ ವಿಚಾರವಾಗಿ

ಮಾನ್ಯ ಪಟೇಲರೇ,

ಟಿ.ವಿ. ಪರದೆಯೊಳಗಿನ ತಮ್ಮ ಊರಿಗೂ, ತಮ್ಮ ಬಿಳಿಗಡ್ಡಕ್ಕೂ, ಯಾತಕ್ಕೆಂದು ಯಾರಿಗೂ ಗೊತ್ತಿಲ್ಲದ ತಮ್ಮ ಕೈಯ ದೊಣ್ಣೆಗೂ ಗುಂಡ್ಲುಪೇಟೆಯ ಶಾಲಾ ಶಿಕ್ಷಕಿ ಮಂಗಳಗೌರಿಯ ಅನಂತ ನಮಸ್ಕಾರಗಳು.

ನನ್ನ ಪರಿಚಯ ತಮಗೆ ಇರಬೇಕಿತ್ತು. ಹೈಸ್ಕೂಲಿನಲ್ಲಿದ್ದಾಗ ಚಂದಕವಾಡಿಯ ನಮ್ಮ ಮನೆಯಲ್ಲಿ ಟಿ.ವಿ.ಗೆ ಗೇಮಿನ ಪೆಟ್ಟಿಗೆ ಸಿಕ್ಕಿಸಿಕೊಂಡು, ಕತ್ತಿ ಹಿಡಿದು ತಮ್ಮ ಪಾತಾಳದ ಗುಹೆಗಳಿಗೆ ಇಳಿದು, ಕೆಳಗೊಂದು ಗುಹೆ ಗೆದ್ದರೆ ಮೇಲೊಂದು ಮನೆ ಏಳುತ್ತದೆಂಬ ತಮ್ಮ ವಿಚಿತ್ರ ಕಾನೂನಿಗೆ ತಲೆಬಾಗಿ, ಬರೀ ಬಯಲಿನಲ್ಲಿ ಇಡೀ ಊರು ಕಟ್ಟಿದವಳು ನಾನೇ. ಹೊಳೆದಂಡೆಯ ಹೆಂಚಿನ ಮನೆಗೆ ನಮ್ಮಜ್ಜಿ ದೊಡ್ಡಮಲ್ಲಮ್ಮನ ಹೆಸರಿಟ್ಟಿದ್ದೆ. ಮೊದಲು ಅತ್ತೆಯ, ಆಮೇಲೆ ಸೊಸೆಯ ಅಡುಗೆಮನೆಯಲ್ಲಿ ಬಾಳಿದ ನಮ್ಮಜ್ಜಿ ಬಂದವರಿಗೆ ಒಂದು ತುತ್ತು ಹಾಕಬೇಕಾದರೂ ಇನ್ನೊಬ್ಬರ ಮುಖ ನೋಡಬೇಕಿತ್ತು. ಅವಳು ಬಾಯ್ತುಂಬ “ನನ್ ಮನೆ” ಅಂದದ್ದು ಅದೊಂದನ್ನೇ.

ಆ ವರ್ಷದ ಆಯುಧಪೂಜೆಯಲ್ಲಿ ಅಜ್ಜಿ ಕುಡುಗೋಲು, ಸೈಕಲ್ಲುಗಳ ಸಾಲಿನಲ್ಲಿ ಗೇಮಿನ ಪೆಟ್ಟಿಗೆಯನ್ನೂ ಇಟ್ಟಳು. ಆಟವೆಲ್ಲ ಮೆಮೊರಿ ಕಾರ್ಡಿನಲ್ಲಿ ಉಳಿಯುತ್ತದೆಂದು ನಾನು ಹೇಳಿದ್ದು ಅವಳಿಗೆ ನೆನಪಿತ್ತು. ಊರೇ ಇದರೊಳಗಿದೆಯಲ್ಲ ಎಂದು ಭಕ್ತಿಯಿಂದ ಕಾರ್ಡನ್ನು ತೊಳೆದು, ಅದರ ತಾಮ್ರದ ಹಲ್ಲುಗಳಿಗೆಲ್ಲ ವಿಭೂತಿ ಬಳಿದು, ಕುಂಕುಮ ಇಟ್ಟಳು. ಪರೀಕ್ಷೆಯ ವರ್ಷವೆಂದು ಪೆಟ್ಟಿಗೆ ಆವತ್ತೇ ಅಟ್ಟ ಸೇರಿತು. ಈಗ ತೊಂಬತ್ತರ ಹತ್ತಿರವಿರುವ ಅಜ್ಜಿ ಕಣ್ಣಿನ ಪೊರೆ ತೆಗೆಸಿಕೊಂಡು ನನ್ನ ಮನೆಗೆ ಬಂದಿದ್ದಾಳೆ. ಬಂದವಳು ಕೂರುವ ಮೊದಲೇ ಕೇಳಿದಳು: “ನನ್ ಮನೆ ಎಂಗದಮ್ಮಿ? ಕಣ್ಣು ಬಂದದ, ಒಂದ್ಸಲ ತೋರ್ಸು ಕಣಮ್ಮಿ.” ರಿಪೇರಿ ಅಂಗಡಿಯ ಅಕೀಬ್ ಪೆಟ್ಟಿಗೆಗೆ ಜೀವ ಕೊಟ್ಟ. ಕಾರ್ಡನ್ನು ತಿರುಗಿಸಿ ನೋಡಿ, “ಪೂಜೆ ಚೆನ್ನಾಗ್ ಆಗೈತೆ ಮೇಡಂ, ಊರೇ ಉಳ್ದಿಲ್ಲ,” ಅಂದ.

ಸರಿ, ಮೊದಲಿಂದ ಶುರುಮಾಡಿದೆ. ಆಗ ತಾವು, ಊರು ಕಟ್ಟಿಕೊಟ್ಟ ನನ್ನನ್ನೇ, ‘ಅಪರಿಚಿತನೇ, ನೀನಾರು?’ ಎಂದು ಕೇಳಿದಿರಿ. ಅಯ್ಯೋ ಶಿವನೇ! ಏನು ಕೇಳಿದರೂ ಅದೇ ಪ್ರಶ್ನೆ. ನಮ್ಮ ಕಡೆಯ ಕಚೇರಿಗಳಲ್ಲಿ ‘ನಾಳೆ ಬನ್ನಿ’ ಎಂದಾದರೂ ಮಾತು ಬದಲಾಗುತ್ತದೆ. ಒಂದೇ ಮಾತಿಗೆ ನಿಲ್ಲುವ ತಮ್ಮಂಥ ಸತ್ಯಸಂಧರು ಭೂಲೋಕದಲ್ಲಿ ಹುಟ್ಟುವುದು ಅಪರೂಪ. ಆದ್ದರಿಂದ ಅಂದೇ ಕೈಮುಗಿದು ಬೇಡಿಕೊಂಡೆ: ನಮ್ಮಜ್ಜಿಯ ವಯಸ್ಸು ನೋಡಿ ಗುಹೆ ಕಾಯುವ ನಾಲ್ಕಾರು ರಾಕ್ಷಸರನ್ನು ರಜೆಯ ಮೇಲೆ ಕಳಿಸಬೇಕು, ಅವರು ನನ್ನನ್ನು ಕೊಲ್ಲಲೇಬೇಕಾದರೆ ಶಾಲೆಯ ಬೆಲ್ ಹೊಡೆಯುವುದರೊಳಗೆ ಕೊಂದು ಮುಗಿಸಬೇಕು, ಅಜ್ಜಿಗೆ ಮಂಡಿನೋವಿರುವುದರಿಂದ ಮನೆಗೆ ಮೆಟ್ಟಿಲು ಇರಕೂಡದು, ಬಾಗಿಲು ಮೂಡಲಿಗಿರಬೇಕು.

ತಾವು ಯಾವುದನ್ನೂ ನಡೆಸಿಕೊಡಲಿಲ್ಲ. ಹೆಬ್ಬೆರಳು ಬಾತುಕೊಂಡರೂ ಬಿಡದೆ ಆಡಿ ಮೊನ್ನೆ ಭಾನುವಾರ ಆ ಮನೆ ಎಬ್ಬಿಸಿದೆ, ಹೆಸರೂ ಇಟ್ಟೆ. ಅಷ್ಟರಲ್ಲಿ ತಾವು ಹೇಳದೆ ಕೇಳದೆ ಅದರೊಳಗೆ ಟೋಪಿಯ ವ್ಯಾಪಾರಿಯೊಬ್ಬನನ್ನು ತಂದು ತುಂಬಿದಿರಿ. ನನಗೆ ಅಳುವೇ ಬಂತು. ಅಜ್ಜಿ ಟಿ.ವಿ.ಯ ಹತ್ತಿರಕ್ಕೆ ಬಗ್ಗಿದಳು. “ಯಾವನಮ್ಮಿ ಅವ್ನು, ನನ್ ಮನೇಲಿ?” ಪಟೇಲರು ಕಳಿಸಿದವನು, ನಾವು ಹೋಗೆಂದರೆ ಹೋಗುವವನಲ್ಲ ಅಂದೆ. ಅಜ್ಜಿ ಸೆರಗು ಸರಿಮಾಡಿಕೊಂಡಳು. “ಇರ್ಲಿ ಬುಡು. ನನ್ ಮನೆಗ್ ಬಂದೋನು ಅಸ್ಕಂಡು ಓಗ್ಬಾರ್ದು. ಇಟ್ಟಿಕ್ಕು ಕಣಮ್ಮಿ, ಯಾರ್ನೂ ಕೇಳ್ಬೇಡ.”

ಆದ್ದರಿಂದ ಆ ವ್ಯಾಪಾರಿಯನ್ನು ದಯವಿಟ್ಟು ಅಲ್ಲಿಂದ ಎಬ್ಬಿಸಬೇಡಿ.

ಎರಡೆರಡು ಸಲ ಊರು ಕಟ್ಟಿಯೂ ಅಪರಿಚಿತಳಾಗಿಯೇ ಉಳಿದ
ತಮ್ಮ ವಿಶ್ವಾಸಿ,
ಮಂಗಳಗೌರಿ

ವಿ.ಸೂ.: ಹಾಲು ಉಕ್ಕಿಸಿದ್ದಾಯಿತು, ಉಳಿದ ರಾಕ್ಷಸರಿಗೂ ಊಟಕ್ಕೆ ಹೇಳಿದ್ದಾಯಿತು. ತಮ್ಮ ಹೆಸರೆತ್ತಿದಾಗ ಅಜ್ಜಿ ಅಂದದ್ದು: “ನೆಟ್ಟ ಕಂಬದಂಗೆ ನಿಂತಿರ್ತನಲ್ಲ, ಅವ್ನಾ? ಕುಂತ್ಕಳಕ್ಕೇ ಬರದಿಲ್ಲ, ಅವ್ನ್ಗೆ ಎಲೆ ಆಕದೆಂಗಮ್ಮಿ?”